ಒಂದು ರಾತ್ರಿ ತಾನೇ ಅಂತಾರೆ

ಕಡಿಮೆ ಬಾಡಿಗೆಯ ಹೋಟೆಲ್ ರೂಮುಗಳಲ್ಲಿ ಯಾರು ಮಲಗುತ್ತಾರೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಊರು ಸುತ್ತಲು ಬಂದ ಹುಡುಗರು ಇರುತ್ತಾರೆ, ನಿಜ. ಅವರಿಗೆ ಬ್ಯಾಗು ಇಡಲು ಜಾಗ ಸಿಕ್ಕರೆ ಸಾಕು, ಹೇಗೋ ನಡೆಯುತ್ತದೆ. ಆದರೆ ಅವರ ಪಕ್ಕದ ರೂಮಿನಲ್ಲಿ ಬೆಳಗ್ಗೆ ಪರೀಕ್ಷೆ ಬರೆಯಬೇಕಾದ ಹುಡುಗಿ ಇರುತ್ತಾಳೆ. ಅದರಾಚೆಯ ರೂಮಿನಲ್ಲಿ ಇಂಟರ್‌ವ್ಯೂಗೆ ಬಂದವನು. ಎದುರಿಗೆ, ಆಸ್ಪತ್ರೆಯಲ್ಲಿರುವ ತಮ್ಮನನ್ನು ನೋಡಿಕೊಳ್ಳಲು ಬಂದ ಅಕ್ಕ. ಕೋರ್ಟಿನ ತಾರೀಖಿಗೆ ಬಂದವರು, ಮಾಲು ಮಾರಲು ಊರೂರು ಅಲೆಯುವವರು, ಬೆಳಗಿನ ಜಾವದ ರೈಲು ಹಿಡಿಯಬೇಕಾದವರು. ಇವರು ಯಾರೂ ಸುಖ ಹುಡುಕಿಕೊಂಡು ಬಂದವರಲ್ಲ. ಮಾರನೆಯ ದಿನ ಒಂದು ದೊಡ್ಡ ಕೆಲಸ ಕಾದಿರುತ್ತದೆ. ಅದಕ್ಕೆ ಮೊದಲು ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಆರೇಳು ಗಂಟೆ ನಿದ್ದೆ ಮಾಡಬೇಕು. ಅವರು ಕೇಳುವುದು ಅಷ್ಟೇ.

ಅಷ್ಟೂ ಸಿಗದೆ ಹೋದಾಗ ಎಲ್ಲರ ಬಾಯಲ್ಲೂ ಒಂದೇ ಮಾತು. "ಕೊಟ್ಟ ದುಡ್ಡಿಗೆ ಇನ್ನೇನು ಸಿಗುತ್ತೆ? ಒಂದು ರಾತ್ರಿ ತಾನೇ, ಹೇಗೋ ಕಳೆದರಾಯ್ತು." ಹೋಟೆಲಿನವರು ಹೇಳುತ್ತಾರೆ. ಗೆಳೆಯರು ಹೇಳುತ್ತಾರೆ. ಉಳಿದುಕೊಂಡವರೂ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಮ್ಮನ ಜೊತೆ ಅಂಥದೊಂದು ರೂಮಿನಲ್ಲಿ ಉಳಿದುಬಂದ ಮೇಲಂತೂ ಸುತಾರಾಂ ಇಲ್ಲ.

ಅಮ್ಮನಿಗೆ ಬೆಳಗ್ಗೆ ಬೇಗ ಆಸ್ಪತ್ರೆಯಲ್ಲಿ ಒಂದು ಟೆಸ್ಟ್ ಇತ್ತು. ಖಾಲಿ ಹೊಟ್ಟೆಯಲ್ಲಿ ಬರಬೇಕು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅದಕ್ಕೇ ಆಸ್ಪತ್ರೆಯ ಹತ್ತಿರವೇ ಇರುವ ಹೋಟೆಲ್ ಹುಡುಕಿದೆ. ಬಾಡಿಗೆ ಕೈಗೆಟುಕುವಂತಿತ್ತು. ಲಿಫ್ಟ್ ಇದೆ ಎಂದು ಬರೆದಿದ್ದರು. ಫೋಟೋದಲ್ಲಿ ಬಿಳಿ ಬೆಡ್‌ಶೀಟು, ಕಿಟಕಿಗೆ ಉದ್ದನೆಯ ಪರದೆ, ಅದರ ಪಕ್ಕದಲ್ಲಿ ಒಂದು ಕುರ್ಚಿ, ಸಣ್ಣ ಮೇಜು.

ಬಾಗಿಲು ತೆಗೆದಾಗ ಆ ಮಂಚ ಇತ್ತು, ಕುರ್ಚಿಯೂ ಇತ್ತು. ಇಲ್ಲದಿದ್ದದ್ದು ಅವುಗಳ ನಡುವಿನ ಜಾಗ. ಕುರ್ಚಿಯನ್ನು ಹಿಂದಕ್ಕೆ ಎಳೆದರೆ ಮಂಚಕ್ಕೆ ತಾಗುತ್ತಿತ್ತು. ಅಮ್ಮ ಗೋಡೆ ಹಿಡಿದುಕೊಂಡು ಅಡ್ಡವಾಗಿ ನಡೆದು ಮಂಚದ ಆ ಬದಿಗೆ ಹೋದರು. ಪರದೆ ಸರಿಸಿದೆ. ಕಿಟಕಿಯ ಆಚೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ನಡುವಿನ ಸಂದಿಯಲ್ಲಿ ಪೈಪುಗಳು, ಕೆಳಗೆ ಕಸ.

ಫೋಟೋದಲ್ಲಿ ಸುಳ್ಳು ಇರಲಿಲ್ಲ. ಅದೇ ಬೇಜಾರು. ಕೋಣೆಯ ಮೂಲೆಗೆ ಬೆನ್ನು ಕೊಟ್ಟು ನಿಂತು, 16 ಮಿಲಿಮೀಟರ್ ಆಸುಪಾಸಿನ ವೈಡ್ ಆಂಗಲ್ ಲೆನ್ಸ್ ಹಾಕಿ ತೆಗೆದರೆ ಎದುರಿನ ಗೋಡೆ ಹಿಂದೆ ಸರಿದುಬಿಡುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ, ದೂರದ್ದು ತೀರಾ ಚಿಕ್ಕದಾಗಿ ಬರುತ್ತದೆ. ನಮ್ಮ ಕಣ್ಣು ಅದನ್ನು ವಿಶಾಲವಾದ ಜಾಗ ಎಂದು ಓದಿಕೊಳ್ಳುತ್ತದೆ. ಮನೆ ಮಾರುವವರು, ಬಾಡಿಗೆಗೆ ಕೊಡುವವರು ಎಲ್ಲರೂ ಹೀಗೇ ತೆಗೆಯುತ್ತಾರೆ. ನಾನು ಈಗ ಫೋಟೋ ನೋಡುವಾಗ ನೆಲದ ಟೈಲ್ಸ್ ಎಣಿಸುತ್ತೇನೆ. ಮಂಚದ ಅಂಚಿನಿಂದ ಗೋಡೆಯವರೆಗೆ ಎಷ್ಟು ಟೈಲ್ಸ್ ಇವೆ ಎಂದು ನೋಡಿದರೆ, ಲೆನ್ಸ್ ಏನೇ ಮಾಡಿರಲಿ, ಲೆಕ್ಕ ಸಿಕ್ಕಿಬಿಡುತ್ತದೆ. ಪರದೆ ಮುಚ್ಚಿದ ಕಿಟಕಿಯ ಫೋಟೋ ಮಾತ್ರ ಇದ್ದರೆ ಫೋನ್ ಮಾಡಿ ಕೇಳಬೇಕು, ಕಿಟಕಿ ಯಾವ ಕಡೆ ತೆರೆಯುತ್ತದೆ ಎಂದು.

ಚಿಕ್ಕ ರೂಮು ನನಗೆ ತೊಂದರೆಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 1979ರಲ್ಲಿ ಜಪಾನಿನ ಒಸಾಕಾದಲ್ಲಿ ಮೊದಲ ಕ್ಯಾಪ್ಸೂಲ್ ಹೋಟೆಲ್ ಶುರುವಾಯಿತು. ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿ ಅದರ ವಿನ್ಯಾಸ ಮಾಡಿದವರು. ಅಲ್ಲಿ ರೂಮೇ ಇಲ್ಲ. ಒಬ್ಬರು ಮಲಗುವಷ್ಟು ಗೂಡು, ಒಳಗೆ ದೀಪ, ಗಾಳಿ, ಒಂದು ಪರದೆ. ಅದನ್ನು ನೋಡಿ ಯಾರೂ ಮೋಸ ಎನ್ನುವುದಿಲ್ಲ. ಇಷ್ಟೇ ಕೊಡುತ್ತೇವೆ ಎಂದು ಹೇಳಿ ಅಷ್ಟನ್ನು ಸರಿಯಾಗಿ ಕೊಡುತ್ತಾರೆ. ನನ್ನ ತಕರಾರು ಇರುವುದು ಬೇರೆ ಕಡೆ.

ಮೊದಲು ಬಚ್ಚಲು. ಬಾಗಿಲು ತೆರೆದ ಕೂಡಲೇ ಚರಂಡಿ ವಾಸನೆ ಮುಖಕ್ಕೆ ಹೊಡೆಯಿತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ರೂಂ ಬಾಯ್‌ನನ್ನು ಕರೆದೆ. ಇಪ್ಪತ್ತು ದಾಟಿರದ ಹುಡುಗ. ಅವನು ಬಂದವನೇ ಸುವಾಸನೆಯ ಸ್ಪ್ರೇ ಹೊಡೆದ. ಈಗ ಚರಂಡಿ ಮತ್ತು ಮಲ್ಲಿಗೆ ಎರಡೂ ಸೇರಿ ಇನ್ನೊಂದು ತರಹದ ವಾಸನೆ ಆಯಿತು. "ಈ ರೂಮು ಸ್ವಲ್ಪ ದಿನದಿಂದ ಖಾಲಿ ಇತ್ತು ಮೇಡಂ, ಅದಕ್ಕೆ" ಎಂದ.

ಅವನಿಗೆ ಗೊತ್ತಿಲ್ಲದೆಯೇ ಕಾರಣ ಹೇಳಿಬಿಟ್ಟಿದ್ದ. ಬಚ್ಚಲಿನ ಜಾಲಿಯ ಕೆಳಗೆ ಪೈಪು ಬಾಗಿರುತ್ತದೆ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. 1775ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ ತನ್ನ ಫ್ಲಶ್ ಟಾಯ್ಲೆಟ್ಟಿಗೆ ಪೇಟೆಂಟ್ ಪಡೆದಾಗ ಅದರಲ್ಲಿ ಇಂಥದೇ ಬಾಗು ಇತ್ತು. ಮನೆಯೊಳಗೆ ಟಾಯ್ಲೆಟ್ ಇಟ್ಟುಕೊಳ್ಳಲು ಜನ ಧೈರ್ಯ ಮಾಡಿದ್ದಕ್ಕೆ ಇದೂ ಒಂದು ಕಾರಣ. ಕೆಲವು ದಿನ ಯಾರೂ ನೀರು ಹಾಕದೆ ಇದ್ದರೆ ಆ ನೀರು ಆವಿಯಾಗಿ ಹೋಗುತ್ತದೆ. ತಡೆ ಹೋಯಿತು, ವಾಸನೆ ಬಂತು. ನಾನು ಜಾಲಿಗೆ ಎರಡು ಮಗ್ಗು ನೀರು ಸುರಿದೆ, ವಾಶ್ ಬೇಸಿನ್ನಿನ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟೆ. ಅರ್ಧ ಗಂಟೆಯಲ್ಲಿ ವಾಸನೆ ಮುಕ್ಕಾಲು ಪಾಲು ಹೋಯಿತು.

ಎರಡು ಮಗ್ಗು ನೀರು. ಖಾಲಿ ಇರುವ ರೂಮಿಗೆ ವಾರಕ್ಕೊಮ್ಮೆ ಯಾರಾದರೂ ಹೋಗಿ ಸುರಿದು ಬಂದರೆ ಮುಗಿಯಿತು. ಇದಕ್ಕೆ ಬಾಡಿಗೆ ಏರಿಸಬೇಕಾ? ಆ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಅವನ ಕೈಗೆ ಸ್ಪ್ರೇ ಕೊಟ್ಟಿದ್ದಾರೆ, ಅಷ್ಟೇ. ನಾನು ತೋರಿಸಿದಾಗ ಅವನು ಬಗ್ಗಿ ಜಾಲಿಯೊಳಗೆ ನೋಡಿದ. "ಹೌದಾ? ಇಷ್ಟೇನಾ?" ಎಂದ. ಉಳಿದ ಖಾಲಿ ರೂಮುಗಳಿಗೂ ಹಾಕುತ್ತೇನೆ ಎಂದು ಹೇಳಿ ಹೋದ.

ಆಮೇಲೆ ಹಾಸಿಗೆ. ಬೆಡ್‌ಶೀಟಿನ ಮಧ್ಯದಲ್ಲಿ ಯಾರೋ ಮಲಗಿ ಎದ್ದ ಸುಕ್ಕು ಹಾಗೇ ಇತ್ತು. ಒಗೆದು ಮಡಚಿದ ಬಟ್ಟೆಗೆ ನೇರ ಗೆರೆಗಳು ಇರುತ್ತವೆ. ಮಲಗಿದ ಬಟ್ಟೆಗೆ ಇರುವ ಸುಕ್ಕೇ ಬೇರೆ, ಗೃಹಿಣಿಯರಿಗೆ ಇದನ್ನು ವಿವರಿಸಬೇಕಿಲ್ಲ. ದಿಂಬಿನ ಕವರ್ ತೆಗೆದು ನೋಡಿದೆ. ಒಳಗಿನ ದಿಂಬು ಹಳದಿ ಬಣ್ಣಕ್ಕೆ ತಿರುಗಿತ್ತು, ಒಂದು ಉದ್ದ ಕೂದಲು ಅಂಟಿಕೊಂಡಿತ್ತು. ಅಮ್ಮ ಅಲ್ಲೇ ಪಕ್ಕದಲ್ಲಿ ನಿಂತಿದ್ದರು. ಇಡೀ ದಿನ ಪ್ರಯಾಣ ಮಾಡಿ ಸುಸ್ತಾಗಿದ್ದರು. ಆದರೂ ಕೂರಲಿಲ್ಲ.

ಬೆಡ್‌ಶೀಟಿನ ನಾಲ್ಕೂ ಮೂಲೆ ಎತ್ತಿ ಹಾಸಿಗೆಯ ಹೊಲಿಗೆಗಳನ್ನು ಫೋನಿನ ಟಾರ್ಚ್ ಹಾಕಿ ನೋಡಿದೆ. ತಿಗಣೆ ಇದೆಯಾ ಎಂದು. ಇದನ್ನು ನಾನು ಎಲ್ಲಿ ಹೋದರೂ ಮಾಡುತ್ತೇನೆ, ದುಬಾರಿ ಹೋಟೆಲಿನಲ್ಲೂ ಮಾಡುತ್ತೇನೆ. ಯಾಕೆಂದರೆ ತಿಗಣೆಗೆ ಕೊಳಕಿನ ಸಂಬಂಧವೇ ಇಲ್ಲ. ಅದಕ್ಕೆ ಬೇಕಾದ್ದು ರಕ್ತ ಮಾತ್ರ. ಅದು ಬರುವುದು ಯಾರದೋ ಪೆಟ್ಟಿಗೆಯಲ್ಲಿ, ಹೋಗುವುದು ಇನ್ಯಾರದೋ ಪೆಟ್ಟಿಗೆಯಲ್ಲಿ. ದೊಡ್ಡ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ, ಚಪ್ಪಟೆ, ಕಂದು ಬಣ್ಣ. ಹಗಲು ಹಾಸಿಗೆಯ ಹೊಲಿಗೆಯಲ್ಲಿ, ಮಂಚದ ತಲೆಹಲಗೆಯ ಹಿಂದೆ, ಮರದ ಸಂದಿಯಲ್ಲಿ ಅಡಗಿರುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಎಂಬ ಕೀಟನಾಶಕದಿಂದ ಎಷ್ಟೋ ದೇಶಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿತ್ತು. 1990ರ ದಶಕದ ಕೊನೆಯಿಂದ ಮತ್ತೆ ಜೋರಾಗಿ ಬಂತು. ಜನ ಓಡಾಡುವುದು ಜಾಸ್ತಿಯಾಯಿತು, ಔಷಧಿಗಳಿಗೆ ಅದು ಜಗ್ಗದಂತೆಯೂ ಆಯಿತು. ಕಣ್ಣಿಗೆ ತಿಗಣೆ ಬೀಳದಿದ್ದರೂ ಅದರ ಗುರುತು ಬೀಳುತ್ತದೆ. ಹೊಲಿಗೆಯ ಉದ್ದಕ್ಕೂ ಪೆನ್ನಿನಲ್ಲಿ ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆಗಳು. ಅಂಥದು ಕಂಡರೆ ಪೆಟ್ಟಿಗೆ ಇಳಿಸಬೇಡಿ, ಹಾಗೇ ಹೊರಗೆ ಬನ್ನಿ. ನೋಡಿ ಮುಗಿಯುವವರೆಗೂ ಪೆಟ್ಟಿಗೆಯನ್ನು ಬಚ್ಚಲಿನ ಟೈಲ್ಸ್ ಮೇಲೆ ಇಡುವುದು ಒಳ್ಳೆಯದು. ಸಂಶಯ ಬಂದರೆ ಮನೆಗೆ ಹೋದ ಮೇಲೆ ಬಟ್ಟೆಗಳಿಗೆ ಬಿಸಿ ತೋರಿಸಬೇಕು. 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲ.

ನಮ್ಮ ರೂಮಿನಲ್ಲಿ ಅದು ಇರಲಿಲ್ಲ. ಅಷ್ಟರ ಮಟ್ಟಿಗೆ ಆ ಹೋಟೆಲಿಗೆ ನ್ಯಾಯವಾಗಿ ಹೇಳಬೇಕು. ಹುಡುಗ ಬೇರೆ ಬೆಡ್‌ಶೀಟು, ಬೇರೆ ದಿಂಬು ತಂದ. ಗೊಣಗಲಿಲ್ಲ. "ಬಿಡು, ಒಂದು ರಾತ್ರಿ ತಾನೇ. ಪಾಪ, ಅವನನ್ನ ಎಷ್ಟು ಸಲ ಓಡಿಸ್ತೀಯಾ" ಎಂದರು ಅಮ್ಮ. ಕೊನೆಗೆ ತಮ್ಮ ಶಾಲನ್ನು ದಿಂಬಿನ ಮೇಲೆ ಹಾಸಿಕೊಂಡು ಮಲಗಿದರು.

ವಾಸನೆ, ಸುಕ್ಕು, ಇಕ್ಕಟ್ಟು ಎಲ್ಲವನ್ನೂ ಸಹಿಸಿಕೊಳ್ಳಬಹುದು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಮೇಲೆ. ಹೊಸ ಜಾಗದಲ್ಲಿ ಮಲಗುವ ಮೊದಲು ಹೊರಗೆ ಹೋಗುವ ಇನ್ನೊಂದು ದಾರಿ ಎಲ್ಲಿದೆ ಎಂದು ನೋಡಿಕೊಳ್ಳುವುದು ನನ್ನ ಅಭ್ಯಾಸ. ಕಾರಿಡಾರಿನ ಕೊನೆಯಲ್ಲಿ ತುರ್ತು ಮೆಟ್ಟಿಲು ಎಂಬ ಹಸಿರು ಫಲಕ ಇತ್ತು. ಬಾಗಿಲು ದೂಡಿದೆ. ಅರ್ಧ ತೆರೆದು ನಿಂತಿತು. ಒಳಗೆ ಮೆಟ್ಟಿಲ ಮೇಲೆ ಹಳೆಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮುರಿದ ಕುರ್ಚಿ, ಬಣ್ಣದ ಡಬ್ಬಿಗಳು. ಅವುಗಳ ನಡುವೆ ತೂರಿಕೊಂಡು ಒಂದು ಮಹಡಿ ಇಳಿದೆ. ಕೆಳಗಿನ ಬಾಗಿಲಿಗೆ ಹೊರಗಿಂದ ಬೀಗ.

ಸ್ಪಂಜಿನ ಹಾಸಿಗೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ, ಎಂಥ ವಿಷದ ಹೊಗೆ ಬಿಡುತ್ತದೆ ಎನ್ನುವುದು ಗೊತ್ತಿರುವ ವಿಷಯ. ಬೆಂಕಿ ಬಿದ್ದಾಗ ಬಹಳ ಜನ ಸಾಯುವುದು ಉರಿಯಿಂದಲ್ಲ, ಹೊಗೆಯಿಂದ. ಹೊಗೆಯನ್ನು ತಪ್ಪಿಸಿಕೊಂಡು ಇಳಿಯಬೇಕಾದ ದಾರಿಯಲ್ಲೇ ಹೊಗೆಯ ಸಾಮಾನು ತುಂಬಿಟ್ಟಿದ್ದರು. 1946ರ ಡಿಸೆಂಬರ್ 7ರ ಬೆಳಗಿನ ಜಾವ ಅಮೆರಿಕದ ಅಟ್ಲಾಂಟಾದಲ್ಲಿ ವೈನ್‌ಕಾಫ್ ಎಂಬ ಹೋಟೆಲಿಗೆ ಬೆಂಕಿ ಬಿತ್ತು. ಹದಿನೈದು ಮಹಡಿಯ ಕಟ್ಟಡ. ಬೆಂಕಿಗೆ ಜಗ್ಗದ ಕಟ್ಟಡ ಎಂದೇ ಅದರ ಜಾಹೀರಾತು ಇತ್ತು. ಗೋಡೆ, ಕಂಬಗಳು ಜಗ್ಗಲಿಲ್ಲ, ನಿಜ. ಆದರೆ ಅಷ್ಟು ಎತ್ತರದ ಕಟ್ಟಡಕ್ಕೆ ಮೆಟ್ಟಿಲು ಇದ್ದದ್ದು ಒಂದೇ. ಹೊರಗಿನಿಂದ ಇಳಿಯುವ ಏಣಿ ಇರಲಿಲ್ಲ, ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಆ ಮೆಟ್ಟಿಲೇ ಹೊಗೆ ಮೇಲೆ ಹೋಗುವ ದಾರಿಯಾಯಿತು. 119 ಜನ ಸತ್ತರು. ಅದರಲ್ಲಿ ಒಂದು ಕಾರ್ಯಕ್ರಮಕ್ಕೆಂದು ಬಂದಿದ್ದ ಹೈಸ್ಕೂಲ್ ಮಕ್ಕಳೂ ಇದ್ದರು. ಅಮೆರಿಕದಲ್ಲಿ ಕಟ್ಟಡಗಳ ಬೆಂಕಿ ಸುರಕ್ಷತೆಯ ನಿಯಮಗಳು ಬಿಗಿಯಾದದ್ದು ಈ ದುರಂತ ಮತ್ತು ಆ ವರ್ಷದ ಇನ್ನೂ ಕೆಲವು ಹೋಟೆಲ್ ಬೆಂಕಿಗಳ ನಂತರ. ಎರಡನೇ ಮೆಟ್ಟಿಲು ಎನ್ನುವುದು ಇಂಥ ಸಾವುಗಳಿಂದ ಬಂದದ್ದು. ಅದರ ಮೇಲೆ ಹಾಸಿಗೆ ಪೇರಿಸಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಕೆಳಗೆ ಹೋಗಿ ಕೇಳಿದೆ. ರಿಸೆಪ್ಷನ್‌ನಲ್ಲಿದ್ದವರು ಫೋನಿನಿಂದ ತಲೆ ಎತ್ತಿ ನೋಡಿದರು. "ಆ ಮೆಟ್ಟಿಲು ಯಾರೂ ಯೂಸ್ ಮಾಡಲ್ಲ ಮೇಡಂ" ಎಂದರು. ಬೀಗದ ಕೈ ಎಲ್ಲಿದೆ ಎಂದೆ. ಮ್ಯಾನೇಜರ್ ಹತ್ತಿರ. ಮ್ಯಾನೇಜರ್ ಎಲ್ಲಿದ್ದಾರೆ? ಮನೆಗೆ ಹೋಗಿದ್ದಾರೆ, ಬೆಳಗ್ಗೆ ಬರುತ್ತಾರೆ. ರೂಮು ಬಿಟ್ಟು ಹೋಗೋಣ ಎಂದರೆ ಅಷ್ಟು ಹೊತ್ತಿಗೆ ಅಮ್ಮ ಮಲಗಿಯಾಗಿತ್ತು. ಮೊದಲ ಮಹಡಿಯಲ್ಲಾದರೂ ಕೊಡಿ ಎಂದೆ, ಖಾಲಿ ಇರಲಿಲ್ಲ. ಮುಂಭಾಗದ ಮೆಟ್ಟಿಲಿಗೆ ನಮ್ಮ ಬಾಗಿಲಿನಿಂದ ಎಷ್ಟು ಬಾಗಿಲು ದಾಟಬೇಕು ಎಂದು ಎಣಿಸಿಟ್ಟುಕೊಂಡೆ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಕೈಯಲ್ಲಿ ಗೋಡೆ ಸವರಿಕೊಂಡು ಹೋಗಬೇಕಾಗುತ್ತದೆ. ಎಣಿಕೆ ಗೊತ್ತಿದ್ದರೆ ಅದೇ ದಾರಿ.

ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಕಾರಿಡಾರಿನ ಬಾಗಿಲುಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುವಂಥವು. ಯಾರು ಬಂದರೂ ಹೋದರೂ ಧಡಾರ್ ಎಂದು ಬಡಿದುಕೊಳ್ಳುತ್ತಿದ್ದವು. ಪ್ರತಿ ಸಲವೂ ಅಮ್ಮ ಬೆಚ್ಚುತ್ತಿದ್ದರು. ನಮ್ಮ ಬಾಗಿಲಿನ ಕೆಳಗೆ ಎರಡು ಬೆರಳು ತೂರುವಷ್ಟು ಸಂದಿ. ಕಾರಿಡಾರಿನ ಟ್ಯೂಬ್‌ಲೈಟಿನ ಬೆಳಕು, ಲಿಫ್ಟಿನ ಸದ್ದು, ಯಾರದೋ ಫೋನ್ ಮಾತು, ಎಲ್ಲ ಅಲ್ಲಿಂದಲೇ ಒಳಗೆ ಬರುತ್ತಿತ್ತು.

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರದಿರುವುದು ಮನಸ್ಸಿನ ಭ್ರಮೆಯಲ್ಲ. ನಿದ್ದೆಯ ಬಗ್ಗೆ ಅಧ್ಯಯನ ಮಾಡುವವರಿಗೆ ಇದು ಬಹಳ ಹಿಂದಿನಿಂದ ಗೊತ್ತು. ಪ್ರಯೋಗಾಲಯದಲ್ಲಿ ಮಲಗಿಸಿದವರ ಮೊದಲ ರಾತ್ರಿಯ ಲೆಕ್ಕವನ್ನು ಎಷ್ಟೋ ಸಲ ಪಕ್ಕಕ್ಕೆ ಇಡುತ್ತಿದ್ದರು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯೂಕಾ ಸಸಾಕಿ ಮತ್ತು ಅವರ ಜೊತೆಗಾರರು ಇದಕ್ಕೆ ಒಂದು ಕಾರಣ ಕಂಡುಕೊಂಡರು. ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗದ ಒಂದಿಷ್ಟು ಜಾಗ ಪೂರ್ತಿ ಮಲಗುವುದಿಲ್ಲ. ಸಣ್ಣ ಸದ್ದಾದರೂ ಆ ಕಡೆಯಿಂದಲೇ ಜಾಸ್ತಿ ಪ್ರತಿಕ್ರಿಯೆ ಬರುತ್ತದೆ. ಪರಿಚಯವಿಲ್ಲದ ಜಾಗ, ಕಾವಲು ಬೇಕು ಎಂದು ಮಿದುಳೇ ತೀರ್ಮಾನ ಮಾಡಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಮಲಗುವ ಕೋಣೆಯಲ್ಲಿ ಸದ್ದು ಸರಾಸರಿ 30 ಡೆಸಿಬಲ್ ಮೀರಬಾರದು, ಒಮ್ಮೆಗೇ ಬರುವ ಸದ್ದು 45 ಮೀರಬಾರದು. ಬಾಗಿಲು ಬಡಿದುಕೊಂಡರೆ ಅದನ್ನು ಎಷ್ಟೋ ಪಾಲು ಮೀರುತ್ತದೆ. ಅಂದರೆ ಒಂದೇ ರಾತ್ರಿ ಉಳಿಯುವವರಿಗೇ ನಿಶ್ಶಬ್ದ ಜಾಸ್ತಿ ಬೇಕು. ಒಂದು ವಾರ ಇರುವವರಿಗೆ ಜಾಗ ಅಭ್ಯಾಸವಾಗುತ್ತದೆ. ಒಂದು ರಾತ್ರಿ ತಾನೇ ಎನ್ನುವವರು ಇದನ್ನು ತಿಳಿದುಕೊಳ್ಳಬೇಕು.

ಆ ಬಾಗಿಲ ಮೇಲೆ ಒಂದು ಡೋರ್ ಕ್ಲೋಸರ್ ಇರುತ್ತದಲ್ಲ, ತೋಳಿನ ಹಾಗೆ ಮಡಚಿಕೊಳ್ಳುವುದು, ಅದರ ಪಕ್ಕದಲ್ಲಿ ಸಣ್ಣ ಸ್ಕ್ರೂಗಳಿವೆ. ಒಳಗೆ ಎಣ್ಣೆ ಇರುತ್ತದೆ. ಸ್ಕ್ರೂ ಸ್ವಲ್ಪ ಬಿಗಿ ಮಾಡಿದರೆ ಎಣ್ಣೆ ನಿಧಾನವಾಗಿ ಹರಿಯುತ್ತದೆ, ಬಾಗಿಲು ಮೆಲ್ಲಗೆ ಮುಚ್ಚುತ್ತದೆ. ಒಂದು ಸ್ಕ್ರೂಡ್ರೈವರ್, ಕಾಲು ಸುತ್ತು. ಒಂದು ಮಧ್ಯಾಹ್ನದಲ್ಲಿ ಇಡೀ ಮಹಡಿಯ ಬಾಗಿಲುಗಳನ್ನು ಸರಿಮಾಡಬಹುದು. ಬಾಗಿಲ ಕೆಳಗಿನ ಸಂದಿಗೆ ಒಂದು ರಬ್ಬರ್ ಪಟ್ಟಿ ಸಾಕು.

ನನಗೆ ಮಲಗಿಕೊಂಡೇ ಅರ್ಥವಾಗುತ್ತಾ ಹೋದದ್ದು ಇದು. ಈ ಹೋಟೆಲಿನ ಮಾಲೀಕರು ಇಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಮಲಗಿದ್ದರೆ ಮೊದಲನೇ ಬಾಗಿಲು ಬಡಿದುಕೊಂಡಾಗಲೇ ಎದ್ದು ಬಂದಿರುತ್ತಿದ್ದರು. ಮಲಗಿದ್ದರೆ ಮಂಚದಿಂದ ಲೈಟಿನ ಸ್ವಿಚ್ ಎಷ್ಟು ದೂರ ಇದೆ ಎಂದು ಗೊತ್ತಾಗುತ್ತಿತ್ತು. ಕತ್ತಲಲ್ಲಿ ಬಚ್ಚಲಿಗೆ ಹೋಗಲು ಅಮ್ಮ ಪಡುವ ಕಷ್ಟ ಕಾಣುತ್ತಿತ್ತು. ಕಡಿಮೆ ಬಾಡಿಗೆ ಎನ್ನುವ ಉತ್ತರ ಇಲ್ಲಿ ಹೊಂದುವುದೇ ಇಲ್ಲ. ನಾನು ಕಂಡ ಕೊರತೆಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿರಲಿಲ್ಲ.

ದುಡ್ಡಿನ ಕಷ್ಟ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಬುಕಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಬಾಡಿಗೆಯ ಶೇಕಡಾ 15ರಿಂದ 25ರಷ್ಟನ್ನು ಕಮಿಷನ್ ಎಂದು ಹಿಡಿದುಕೊಳ್ಳುತ್ತವೆ. ಉಳಿದದ್ದರಲ್ಲಿ ಕರೆಂಟು, ನೀರು, ಒಗೆಯುವ ಖರ್ಚು, ಸಂಬಳ, ತೆರಿಗೆ ಎಲ್ಲ ಆಗಬೇಕು. ಮೊದಲು ಕತ್ತರಿ ಬೀಳುವುದು ಕೆಲಸದವರ ಮೇಲೆ. ಒಂದು ರೂಮನ್ನು ಸರಿಯಾಗಿ ಸ್ವಚ್ಛ ಮಾಡಲು ಅರ್ಧ ಗಂಟೆಯಾದರೂ ಬೇಕು. ಹಾಸಿಗೆ ಬದಲಿಸುವುದು, ಬಚ್ಚಲು ತಿಕ್ಕುವುದು, ಧೂಳು, ನೆಲ, ಕಸ. ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬರನ್ನು ಇಟ್ಟರೆ ಅವರು ಬೆಡ್‌ಶೀಟನ್ನು ಎಳೆದು ಸರಿ ಮಾಡಿ ಮುಂದಿನ ರೂಮಿಗೆ ಹೋಗುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ನಮಗೆ ಬೆಡ್‌ಶೀಟು ತಂದುಕೊಟ್ಟ ಹುಡುಗ ಬೆಳಗ್ಗೆಯೂ ಅಲ್ಲೇ ಇದ್ದ, ಅದೇ ಅಂಗಿಯಲ್ಲಿ. ರಾತ್ರಿ ಪಾಳಿಯವನು ಬಂದಿರಲಿಲ್ಲವಂತೆ. ಲಿಫ್ಟಿನ ಪಕ್ಕ ಎರಡು ಕುರ್ಚಿ ಸೇರಿಸಿಕೊಂಡು ಮಲಗಿದ್ದನಂತೆ. ಅಲ್ಲಿ ನಮಗಿಂತ ಕೆಟ್ಟ ರಾತ್ರಿ ಕಳೆದವನು ಅವನು. ಹೋಟೆಲಿನ ಬಗ್ಗೆ ಬರೆಯುವಾಗ ಜನ ಇಂಥವರ ಮೇಲೇ ಸಿಟ್ಟು ತೀರಿಸಿಕೊಳ್ಳುತ್ತಾರೆ. ಎದುರಿಗೆ ಸಿಗುವವರು ಅವರೇ ಅಲ್ವಾ. ಬೀಗದ ಕೈ ಇಟ್ಟುಕೊಂಡವರು ಎದುರಿಗೆ ಬರುವುದಿಲ್ಲ.

ಕಡಿಮೆ ಬಾಡಿಗೆಯಲ್ಲಿ ಒಳ್ಳೆಯ ರೂಮು ಕೊಡಲು ಆಗುತ್ತದೆ ಎಂದು ತೋರಿಸಿದವರು ಇದ್ದಾರೆ. ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಎಂಬುವರು ಹದಿಮೂರನೇ ವಯಸ್ಸಿನಲ್ಲಿ ಅಮೆರಿಕದ ವೀಲಿಂಗ್ ಎಂಬ ಊರಿನ ಹೋಟೆಲಿನಲ್ಲಿ ಸಾಮಾನು ಹೊರುವ ಹುಡುಗನಾಗಿ ಸೇರಿದರು. ಜನ ರಾತ್ರಿ ಏನು ಕೇಳುತ್ತಾರೆ, ಯಾವುದಕ್ಕೆ ಒದ್ದಾಡುತ್ತಾರೆ ಎನ್ನುವುದನ್ನು ಹತ್ತಿರದಿಂದ ಕಂಡವರು. ಅವರು 1908ರಲ್ಲಿ ಅಲ್ಲಿನ ಬಫಲೋ ನಗರದಲ್ಲಿ ಹೋಟೆಲ್ ತೆರೆದಾಗ ಇಟ್ಟ ದರ ಒಂದೂವರೆ ಡಾಲರ್. ಆ ದರಕ್ಕೆ ರೂಮಿನ ಜೊತೆ ಸ್ವಂತ ಬಚ್ಚಲು. ಆಗ ಬಹಳಷ್ಟು ಹೋಟೆಲುಗಳಲ್ಲಿ ಒಂದು ಮಹಡಿಗೆಲ್ಲ ಸೇರಿ ಬಚ್ಚಲು ಇರುತ್ತಿತ್ತು. ಸ್ಟ್ಯಾಟ್ಲರ್ ಮಾಡಿದ್ದು ಇಷ್ಟೇ. ಎರಡು ರೂಮುಗಳ ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿಸಿದರು. ನಡುವೆ ನೆಲದಿಂದ ಮೇಲಿನ ಮಹಡಿಯವರೆಗೆ ಒಂದೇ ಓಣಿ, ಎಲ್ಲ ಪೈಪುಗಳೂ ಅದರಲ್ಲೇ. ಖರ್ಚು ಇಳಿಯಿತು. ಬಾಗಿಲ ಪಕ್ಕದಲ್ಲೇ ಲೈಟಿನ ಸ್ವಿಚ್ ಇಡಿಸಿದರು, ಕತ್ತಲಲ್ಲಿ ತಡಕಾಡಬಾರದು ಎಂದು. ಪ್ರತಿ ರೂಮಿಗೂ ನಿಲುವುಗನ್ನಡಿ ಹಾಕಿಸಿದರು.

ಇನ್ನೊಬ್ಬರು ಕೆಮನ್ಸ್ ವಿಲ್ಸನ್. 1951ರಲ್ಲಿ ಅವರು ಹೆಂಡತಿ ಮತ್ತು ಐದು ಮಕ್ಕಳನ್ನು ಕರೆದುಕೊಂಡು ಅಮೆರಿಕದ ಮೆಂಫಿಸ್‌ನಿಂದ ವಾಷಿಂಗ್ಟನ್‌ಗೆ ಕಾರಿನಲ್ಲಿ ಹೊರಟರು. ದಾರಿಯುದ್ದಕ್ಕೂ ರೂಮುಗಳು ಇಕ್ಕಟ್ಟು, ಕೊಳಕು. ಅದರ ಮೇಲೆ ಮಕ್ಕಳಿಗೆಂದು ತಲೆಗೆ ಎರಡು ಡಾಲರ್ ಬೇರೆ ಕೊಡಬೇಕು. ಸಿಟ್ಟಿನಲ್ಲೇ ವಾಪಸ್ ಬಂದು ಮರುವರ್ಷ ಮೆಂಫಿಸ್‌ನಲ್ಲಿ ಮೊದಲ ಹಾಲಿಡೇ ಇನ್ ಹೋಟೆಲ್ ತೆರೆದರು. ತಂದೆ ತಾಯಿ ಜೊತೆ ಉಳಿಯುವ ಮಕ್ಕಳಿಗೆ ಬೇರೆ ದುಡ್ಡು ಕೊಡಬೇಕಿಲ್ಲ ಎನ್ನುವುದು ಅದರ ನಿಯಮ. ಕೆಟ್ಟ ರೂಮುಗಳಲ್ಲಿ ಮಕ್ಕಳ ಜೊತೆ ಮಲಗಿ ಎದ್ದು ಬಂದವರಿಗೆ ಏನು ಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಇಬ್ಬರ ಕಥೆಯಲ್ಲೂ ನನಗೆ ಮುಖ್ಯ ಅನ್ನಿಸುವುದು ಅದೇ.

ಅಷ್ಟು ದೂರ ಹೋಗುವುದೂ ಬೇಡ. ಅಮ್ಮನ ರಿಪೋರ್ಟ್ ತಡವಾಯಿತು, ಇನ್ನೊಂದು ರಾತ್ರಿ ಉಳಿಯಬೇಕಾಯಿತು. ಆಸ್ಪತ್ರೆಯ ನರ್ಸ್ ಒಬ್ಬರು ಬೇರೊಂದು ಜಾಗ ಹೇಳಿದರು. ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಲಿಫ್ಟ್ ಇರಲಿಲ್ಲ, ಅಮ್ಮನಿಗೆಂದು ಕೆಳಗಿನ ರೂಮನ್ನೇ ಕೊಟ್ಟರು. ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಹಾಸಿಗೆ ತೆಳ್ಳಗಿತ್ತು. ಆದರೆ ಬಚ್ಚಲ ನೆಲ ಒಣಗಿತ್ತು. ಒಳಗೆ ಕೂತು ಸ್ನಾನ ಮಾಡಲು ಒಂದು ಪ್ಲಾಸ್ಟಿಕ್ ಸ್ಟೂಲು, ಎದ್ದೇಳುವಾಗ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಹಿಡಿ. ಬಾಗಿಲ ಹಿಂದೆ ಎರಡು ಮೊಳೆ, ಬಟ್ಟೆ ನೇತು ಹಾಕಲು. ಮಲಗಿದಲ್ಲಿಂದಲೇ ಕೈಗೆ ಸಿಗುವ ಸ್ವಿಚ್. ಅಮ್ಮ ಆ ಹಿಡಿಯನ್ನು ಹಿಡಿದು ಒಂದು ಸಲ ಎಳೆದು ನೋಡಿದರು. ಅಲುಗಾಡಲಿಲ್ಲ. "ಇವರ ಮನೇಲಿ ವಯಸ್ಸಾದವರು ಇದ್ದಾರೆ, ನೋಡು" ಎಂದರು.

ನಡೆಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಅವರನ್ನು ಮಾತಾಡಿಸಿದೆ. ಅಮ್ಮ ಹೇಳಿದ್ದು ನಿಜವಾಗಿತ್ತು, ಅವರ ಅತ್ತೆ ಒಳಗಿನ ಕೋಣೆಯಲ್ಲಿದ್ದರು. ಯಾವುದಾದರೂ ರೂಮಿನ ಬಗ್ಗೆ ದೂರು ಬಂದರೆ ಅವತ್ತು ರಾತ್ರಿ ತಾವೇ ಅಲ್ಲಿ ಮಲಗುತ್ತಾರಂತೆ. "ಹಗಲು ನೋಡಿದ್ರೆ ಏನೂ ಗೊತ್ತಾಗಲ್ಲ. ನಲ್ಲಿ ತೊಟ್ಟಿಕ್ಕೋದು ರಾತ್ರೀನೇ ಕೇಳೋದು" ಎಂದರು. ಅಮ್ಮ ಅವತ್ತು ಬೆಳಗಿನವರೆಗೆ ಎಚ್ಚರವಾಗದೆ ಮಲಗಿದ್ದರು. ಅಷ್ಟು ತೆಳ್ಳಗಿನ ಹಾಸಿಗೆಯ ಮೇಲೆ.

ಮನೆಗೆ ಬಂದ ಮೇಲೆ ಮೊದಲನೇ ಹೋಟೆಲಿಗೆ ಬರೆದೆ. ಸಿಟ್ಟಿನ ಮಾತು ಹಾಕಲಿಲ್ಲ. ಮೊದಲ ಸಾಲಿನಲ್ಲೇ ಮೆಟ್ಟಿಲು ಮತ್ತು ಬೀಗ, ಫೋಟೋ ಸಮೇತ. ಆಮೇಲೆ ಬಾಗಿಲುಗಳು, ಬೆಡ್‌ಶೀಟು, ಬಚ್ಚಲು. ರೂಂ ಬಾಯ್ ಚೆನ್ನಾಗಿ ನೋಡಿಕೊಂಡ, ಅವನಿಗೆ ಮಲಗಲು ಒಂದು ಜಾಗ ಕೊಡಿ ಎಂದೂ ಬರೆದೆ. ಮೆಟ್ಟಿಲಿನ ಫೋಟೋಗಳನ್ನು ಅಗ್ನಿಶಾಮಕ ಇಲಾಖೆಗೂ ಕಳಿಸಿದೆ. ಬುಕ್ ಮಾಡಿದ ಕಡೆ ರಿವ್ಯೂ ಕೂಡ ಹಾಕಿದೆ.

ಮ್ಯಾನೇಜರ್ ಫೋನ್ ಮಾಡಿದರು. ರಿವ್ಯೂ ತೆಗೆದರೆ ಬಾಡಿಗೆ ಪೂರ್ತಿ ವಾಪಸ್ ಕೊಡುತ್ತೇವೆ ಎಂದರು. ದುಡ್ಡು ಬೇಡ ಎಂದೆ. ಮೆಟ್ಟಿಲು ಖಾಲಿ ಮಾಡಿಸಿ ಫೋಟೋ ಕಳಿಸಿ, ಖಾಲಿಯಾಗಿದೆ ಎಂದು ಅದೇ ರಿವ್ಯೂ ಕೆಳಗೆ ನಾನೇ ಬರೆಯುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಡೋಣ ಎಂದು ಇಟ್ಟರು.

ಫೋಟೋ ಬಂತು. ಹಾಸಿಗೆಗಳಿಲ್ಲ, ಕುರ್ಚಿಯಿಲ್ಲ, ಮೆಟ್ಟಿಲು ಗುಡಿಸಿದ್ದಾರೆ. ಹೇಳಿದಂತೆ ಅದನ್ನು ಬರೆದು ಹಾಕಿದೆ. ಕೆಳಗಿನ ಬಾಗಿಲಿನ ಫೋಟೋ ಮಾತ್ರ ಕಳಿಸಿಲ್ಲ. ಬೀಗ ತೆಗೆದಿದ್ದೀರಾ, ಒಳಗಿಂದ ದೂಡಿದರೆ ತೆರೆಯುತ್ತದಾ ಎಂದು ಕೇಳಿ ಮತ್ತೆ ಬರೆದಿದ್ದೇನೆ. ಉತ್ತರ ಬರದಿದ್ದರೆ ಸೋಮವಾರ ಫೋನ್ ಮಾಡುತ್ತೇನೆ.